ಎಣ್ಣೆಯ ಕೊಳವೆಗೆ ಊರಿನ ಒಪ್ಪಿಗೆ



ಕೆನಡಾ ದೇಶದ ಆಲ್ಬರ್ಟಾ ಪ್ರಾಂತದಲ್ಲಿ ಎಣ್ಣೆ ಧಾರಾಳವಾಗಿದೆ. ಮರಳಿಗೆ ಅಂಟಿಕೊಂಡಿರುವ, ಡಾಂಬರಿನಷ್ಟು ಮಂದವಾದ ಎಣ್ಣೆ ಅದು. ಬಿಟುಮೆನ್ ಎನ್ನುತ್ತಾರೆ. ತೆಳುವಾದ ಬೇರೊಂದು ಎಣ್ಣೆ ಬೆರೆಸದಿದ್ದರೆ ಕೊಳವೆಯಲ್ಲಿ ಹರಿಯುವುದೇ ಇಲ್ಲ. ಅಂಥ ಎಣ್ಣೆಯನ್ನೂ ತೆಗೆಯುವ ವಿದ್ಯೆ ಅವರಿಗೆ ಕೈವಶವಾಗಿದೆ. ಅವರಿಗೆ ಇಲ್ಲದ್ದು ಸಮುದ್ರ. ಆಲ್ಬರ್ಟಾದ ಪಶ್ಚಿಮಕ್ಕೆ ರಾಕಿ ಪರ್ವತಗಳು. ಅದರಾಚೆ ಬ್ರಿಟಿಷ್ ಕೊಲಂಬಿಯಾ ಎಂಬ ಇನ್ನೊಂದು ಪ್ರಾಂತ. ಕಡಲು ಇರುವುದು ಆ ಪ್ರಾಂತದ ಅಂಚಿನಲ್ಲಿ.

ಹಾಗಾಗಿ ಕೆನಡಾ ಹೊರಗೆ ಮಾರುವ ಎಣ್ಣೆಯಲ್ಲಿ ಬಹುಪಾಲು ದಕ್ಷಿಣದ ಅಮೆರಿಕಕ್ಕೇ ಹೋಗುತ್ತಿತ್ತು. ಕೊಳ್ಳುವವನು ಒಬ್ಬನೇ ಆದರೆ ಬೆಲೆ ಕಟ್ಟುವವನೂ ಅವನೇ. 2018ರ ಕೊನೆಯಲ್ಲಿ ಆಲ್ಬರ್ಟಾದ ಎಣ್ಣೆಗೆ ಮಾರುಕಟ್ಟೆಯ ದರಕ್ಕಿಂತ ಬ್ಯಾರೆಲ್ಲಿಗೆ 40 ಡಾಲರಿಗೂ ಹೆಚ್ಚು ಕಡಿಮೆ ಸಿಕ್ಕಿತು. ಕೊಳವೆಗಳು ತುಂಬಿಹೋಗಿದ್ದವು, ದಾಸ್ತಾನಿಗೆ ಜಾಗ ಇರಲಿಲ್ಲ. ಉತ್ಪಾದನೆಯನ್ನು ಕಡಿಮೆ ಮಾಡಿ ಎಂದು ಪ್ರಾಂತ ಸರ್ಕಾರವೇ ಕಂಪನಿಗಳಿಗೆ ಅಪ್ಪಣೆ ಮಾಡಬೇಕಾಯಿತು.

ಕಡಲಿಗೆ ಹೊಸ ಕೊಳವೆ ಬೇಕು ಎಂಬುದು ಅವರ ಮಾತು. ನ್ಯಾಯವಾದ ಮಾತೇ. ಆ ಕೊಳವೆಗೆ ಜನರ ಬೆಂಬಲ ಗಳಿಸಲು ಕಂಪನಿಗಳೂ ಸರ್ಕಾರಗಳೂ ಹದಿನೈದು ವರ್ಷ ಏನೇನು ಮಾಡಿದವು, ಅದರಿಂದ ಏನಾಯಿತು ಎಂಬುದು ಈ ಹೊತ್ತಿನ ನನ್ನ ವಿಷಯ.

ಮೊದಲ ಯತ್ನದ ಹೆಸರು ನಾರ್ದರ್ನ್ ಗೇಟ್‌ವೇ. ಎನ್‌ಬ್ರಿಜ್ ಎಂಬ ಕಂಪನಿಯದು. ಆಲ್ಬರ್ಟಾದಿಂದ ಕಿಟಿಮ್ಯಾಟ್ ಎಂಬ ಉತ್ತರದ ರೇವಿಗೆ ಸುಮಾರು 1,200 ಕಿಲೋಮೀಟರ್. ಬೆಂಗಳೂರಿನಿಂದ ಮುಂಬಯಿಗೆ ರಸ್ತೆಯಲ್ಲಿ ಹೋಗುವ ದೂರಕ್ಕಿಂತ ಇನ್ನಷ್ಟು ಹೆಚ್ಚು. ಕಿಟಿಮ್ಯಾಟ್ ಇರುವುದು ತೆರೆದ ಕಡಲಿನ ಮೇಲಲ್ಲ. ಡಗ್ಲಸ್ ಚಾನಲ್ ಎಂಬ ಉದ್ದನೆಯ, ಇಕ್ಕಟ್ಟಾದ ಕಡಲಹಾದಿಯ ಒಳತುದಿಯಲ್ಲಿ. ಅಲ್ಲಿಂದ ಹೊರಟ ಟ್ಯಾಂಕರ್ ಹಡಗು ಎರಡೂ ಕಡೆ ಎದ್ದುನಿಂತ ಬೆಟ್ಟಗಳ ನಡುವೆ, ದ್ವೀಪಗಳನ್ನು ಬಳಸಿಕೊಂಡು, ತಿರುಗಿ ತಿರುಗಿ ಸಾಗಬೇಕು.

ಜನರಿಗೆ ಧೈರ್ಯ ತುಂಬಲು ಕಂಪನಿ ಒಂದು ಅನಿಮೇಷನ್ ಚಿತ್ರ ಮಾಡಿಸಿತು. ತಿಳಿ ನೀಲಿ ನೀರು. ಅಗಲವಾದ, ನೇರವಾದ ಹಾದಿ. ಹಡಗು ಸಲೀಸಾಗಿ ಹೊರಟುಹೋಗುತ್ತದೆ. ನೋಡಿದವರಿಗೆ ಅನುಮಾನ ಬಂತು. ಅಲ್ಲಿದ್ದ ದ್ವೀಪಗಳೆಲ್ಲಿ? ಚಿತ್ರದಿಂದ ಮಾಯವಾದ ದ್ವೀಪಗಳ ವಿಸ್ತೀರ್ಣ ಲೆಕ್ಕ ಹಾಕಿದರು. ಸುಮಾರು 1,000 ಚದರ ಕಿಲೋಮೀಟರ್! ಅದು ಬರಿಯ ಮಾದರಿ ಚಿತ್ರ, ನಕ್ಷೆಯಲ್ಲ ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಯಾರಿಗೆ ಹೇಳುತ್ತಿದ್ದರು ನೋಡಿ. ಆ ಚಾನಲ್ಲಿನ ಬಾಯಿಯ ಹತ್ತಿರ ಗಿಲ್ ಎಂಬ ದ್ವೀಪವಿದೆ. 2006ರಲ್ಲಿ ಪ್ರಯಾಣಿಕರ ಹಡಗೊಂದು ನಡುರಾತ್ರಿ ಅದಕ್ಕೆ ಬಡಿದು ಮುಳುಗಿತ್ತು. ಇಬ್ಬರು ಸತ್ತರು. ಸಣ್ಣ ದೋಣಿಗಳಲ್ಲಿ ಹೋಗಿ ಉಳಿದವರನ್ನು ಕಾಪಾಡಿದವರಲ್ಲಿ ಹತ್ತಿರದ ಹಾರ್ಟ್ಲಿ ಬೇ ಎಂಬ ಮೂಲನಿವಾಸಿಗಳ ಹಳ್ಳಿಯವರಿದ್ದರು. ಅಂಥವರಿಗೆ ದ್ವೀಪವಿಲ್ಲದ ಕಡಲನ್ನು ತೋರಿಸಿದರೆ ಅವರು ಏನೆಂದುಕೊಂಡಾರು?

ಇನ್ನೊಂದು ವಿಷಯವೂ ಜನರ ನೆನಪಿನಲ್ಲಿತ್ತು. 2010ರಲ್ಲಿ ಇದೇ ಕಂಪನಿಯ ಕೊಳವೆ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಸೀಳಿತ್ತು. ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆಯ ಗಂಟೆಗಳು ಮೊಳಗಿದವು. ಸೋರಿಕೆ ಇರಲಾರದು ಎಂದುಕೊಂಡ ಸಿಬ್ಬಂದಿ ಎರಡು ಸಲ ಪಂಪು ಮತ್ತೆ ಚಾಲೂ ಮಾಡಿದರು. ಕೊಳವೆ ಪೂರ್ತಿ ಬಂದ್ ಆದದ್ದು ಸುಮಾರು 17 ಗಂಟೆಗಳ ನಂತರ. ಅಷ್ಟರಲ್ಲಿ 30 ಲಕ್ಷ ಲೀಟರಿನಷ್ಟು ಎಣ್ಣೆ ಹೊರಗೆ ಹರಿದು ಕ್ಯಾಲಮಜೂ ಎಂಬ ನದಿಗೆ ಸೇರಿತ್ತು. ಬೆರೆಸಿದ್ದ ತೆಳು ಎಣ್ಣೆ ಆವಿಯಾಗಿ ಹೋಯಿತು. ಮಂದವಾದದ್ದು ನದಿಯ ತಳಕ್ಕೆ ಕೂತಿತು. ತೇಲುವ ಎಣ್ಣೆಯನ್ನು ಬಾಚಬಹುದು. ತಳಕ್ಕಿಳಿದದ್ದನ್ನು ತೆಗೆಯಲು ವರ್ಷಗಟ್ಟಲೆ ಹಿಡಿಯಿತು.

ಹೀಗಿರುವಾಗ 2012ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಸಂಪನ್ಮೂಲ ಸಚಿವ ಜೋ ಆಲಿವರ್ ಒಂದು ಬಹಿರಂಗ ಪತ್ರ ಬರೆದರು. ತೀವ್ರವಾದಿ ಗುಂಪುಗಳು ವಿದೇಶಿ ಹಣದ ಬಲದಿಂದ ದೇಶದ ಯೋಜನೆಗಳಿಗೆ ಅಡ್ಡಗಾಲು ಹಾಕುತ್ತಿವೆ ಎಂಬುದು ಅದರ ಧ್ವನಿ. ಈ ಕೊಳವೆಯ ಸಾರ್ವಜನಿಕ ವಿಚಾರಣೆ ಶುರುವಾಗುವ ಮುನ್ನಾದಿನಗಳಲ್ಲಿ ಬಂದ ಪತ್ರ. ಪ್ರಶ್ನೆ ಕೇಳಲು ಬಂದ ಮೀನುಗಾರನನ್ನು ದೇಶದ್ರೋಹಿಗಳ ಸಾಲಿನಲ್ಲಿ ನಿಲ್ಲಿಸಿದರೆ ಅವನು ಮೆತ್ತಗಾಗುತ್ತಾನೆಯೇ? 2014ರಲ್ಲಿ ಕಿಟಿಮ್ಯಾಟಿನಲ್ಲಿ ಜನಮತ ಕೇಳಿದರು. ಕೆಲಸ ಸಿಗುವುದು ಅದೇ ಊರಿಗೆ. ಆದರೂ ನೂರಕ್ಕೆ ಸುಮಾರು 60 ಮಂದಿ ಬೇಡ ಎಂದರು. ಮೂಲನಿವಾಸಿಗಳ ಜೊತೆ ಸರಿಯಾಗಿ ಸಮಾಲೋಚನೆ ನಡೆದಿಲ್ಲ ಎಂದು 2016ರಲ್ಲಿ ನ್ಯಾಯಾಲಯ ಸರ್ಕಾರ ಕೊಟ್ಟಿದ್ದ ಮಂಜೂರಾತಿಯನ್ನು ರದ್ದು ಮಾಡಿತು. ಅದೇ ವರ್ಷ ಹೊಸ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು.

ಉತ್ತರದ ದಾರಿ ಮುಚ್ಚಿದ ಕತೆ ಇದು. ಪಶ್ಚಿಮ ಆಗದಿದ್ದರೆ ಪೂರ್ವ ಇದೆಯಲ್ಲ ಎಂದು ಇನ್ನೊಂದು ಕಂಪನಿ ಹೊರಟಿತು.

ಟ್ರಾನ್ಸ್‌ಕೆನಡಾ ಅದರ ಹೆಸರು. ಯೋಜನೆಯ ಹೆಸರು ಎನರ್ಜಿ ಈಸ್ಟ್. ಸುಮಾರು 4,500 ಕಿಲೋಮೀಟರ್, ದೇಶದ ಮುಕ್ಕಾಲು ಭಾಗವನ್ನು ದಾಟುವ ಕೊಳವೆ. ಇದನ್ನು ರಾಷ್ಟ್ರ ಕಟ್ಟುವ ಕೆಲಸ ಎಂದೇ ಸಾರಿದರು. 2014ರಲ್ಲಿ ಕಂಪನಿಯ ಪ್ರಚಾರ ತಂತ್ರದ ಕಾಗದಪತ್ರಗಳು ಬಯಲಾದವು. ಎಡೆಲ್ಮನ್ ಎಂಬ ದೊಡ್ಡ ಪ್ರಚಾರ ಸಂಸ್ಥೆ ಬರೆದುಕೊಟ್ಟ ಸಲಹೆಗಳು ಅವು. ಸಾವಿರಾರು ಬೆಂಬಲಿಗರನ್ನು ನೇಮಿಸಿಕೊಳ್ಳಿ, ಜನರೇ ತಾವಾಗಿ ಎದ್ದಂತೆ ಕಾಣಲಿ. ವಿರೋಧಿಸುವ ಸಂಘಗಳ ಹಿನ್ನೆಲೆ ಕೆದಕಿ. ಅವರಿಗೆ ಬಿಡುವು ಸಿಗದಂತೆ ಬೇರೆಯವರ ಮೂಲಕ ಒತ್ತಡ ಹಾಕಿಸಿ. ಆ ಸಲಹೆಗಳನ್ನೆಲ್ಲ ನಾವು ಪಾಲಿಸಲಿಲ್ಲ ಎಂದಿತು ಕಂಪನಿ, ಪ್ರಚಾರ ಸಂಸ್ಥೆಯ ಜೊತೆ ಸಂಬಂಧವನ್ನೂ ಕಡಿದುಕೊಂಡಿತು. ಆದರೆ ಅಂದಿನಿಂದ ಯಾರಾದರೂ ಮನಸ್ಸಾರೆ ಕೊಳವೆಯ ಪರ ಮಾತಾಡಿದರೂ ಕೇಳುವವರಿಗೆ ಸಂಶಯ. ನಿಜವಾದ ಬೆಂಬಲಿಗನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆಯವರಿಂದ ಆಗಿರಲಾರದು.

ಕ್ವಿಬೆಕ್ ಪ್ರಾಂತದ ಕಕೂನಾದಲ್ಲಿ ರೇವು ಕಟ್ಟಬೇಕೆಂದಿದ್ದರು. ಅದು ಬೆಲೂಗಾ ಎಂಬ ಬಿಳಿ ತಿಮಿಂಗಿಲಗಳು ಮರಿ ಸಾಕುವ ನೀರು. ಗಲಾಟೆಯಾಗಿ ರೇವು ಬಿಟ್ಟರು. ಆಮೇಲೆ ಇನ್ನೂ ದೊಡ್ಡ ಎಡವಟ್ಟು. ಯೋಜನೆಯನ್ನು ತೂಗಿ ನೋಡಬೇಕಾಗಿದ್ದ ರಾಷ್ಟ್ರೀಯ ಇಂಧನ ಮಂಡಳಿಯ ಸದಸ್ಯರು ಕ್ವಿಬೆಕ್‌ನ ಮಾಜಿ ಪ್ರಧಾನಿ ಜಾನ್ ಶರೆ ಅವರನ್ನು ಖಾಸಗಿಯಾಗಿ ಭೇಟಿಯಾಗಿದ್ದರು. ಶರೆ ಆಗ ಅದೇ ಕಂಪನಿಯ ಸಲಹೆಗಾರರಾಗಿದ್ದರು. ಸುದ್ದಿ ಹೊರಬಿತ್ತು. 2016ರ ಆಗಸ್ಟ್‌ನಲ್ಲಿ ಮಾಂಟ್ರಿಯಲ್‌ನ ವಿಚಾರಣೆಗೆ ಪ್ರತಿಭಟನಕಾರರು ನುಗ್ಗಿದರು, ಸಭೆ ನಿಂತುಹೋಯಿತು. ಮುಂದಿನ ತಿಂಗಳು ವಿಚಾರಣೆ ನಡೆಸುತ್ತಿದ್ದ ಮೂವರು ಸದಸ್ಯರೂ ಹಿಂದೆ ಸರಿದರು. ಮರುವರ್ಷ ಯೋಜನೆಯೂ ಮುಗಿಯಿತು. ಎಣ್ಣೆಯ ಬೆಲೆ ಕುಸಿದದ್ದೂ, ಪರಿಶೀಲನೆಯ ನಿಯಮ ಬಿಗಿಯಾದದ್ದೂ ಕಾರಣಗಳೇ. ಎಲ್ಲ ಹೊಣೆಯನ್ನೂ ಪ್ರಚಾರದ ತಲೆಗೆ ಕಟ್ಟುವುದು ಸರಿಯಲ್ಲ.

ಉತ್ತರದಲ್ಲಿ ಒಂದು, ಪೂರ್ವದಲ್ಲಿ ಒಂದು, ಎರಡು ಯೋಜನೆಗಳು ಬಿದ್ದವು. ಮೂರನೆಯದು ನಿಂತಿತು. ಅದು ಹೇಗೆ ನಿಂತಿತು ಎಂಬುದೇ ಈ ಕತೆಯ ಗಟ್ಟಿ ಭಾಗ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಟ್ರಾನ್ಸ್ ಮೌಂಟನ್ ಎಂಬ ಹಳೆಯ ಕೊಳವೆ ಆಲ್ಬರ್ಟಾದ ಎಡ್ಮಂಟನ್ ಬಳಿಯಿಂದ ವ್ಯಾಂಕೂವರ್ ಪಕ್ಕದ ಬರ್ನಬಿಗೆ 1953ರಿಂದಲೇ ಹರಿಯುತ್ತಿದೆ. ಅದರ ಪಕ್ಕದಲ್ಲೇ ಇನ್ನೊಂದು ಕೊಳವೆ ಹಾಕಿ, ದಿನಕ್ಕೆ 3 ಲಕ್ಷ ಬ್ಯಾರೆಲ್ ಇದ್ದದ್ದನ್ನು ಸುಮಾರು 9 ಲಕ್ಷಕ್ಕೆ ಏರಿಸುವುದು ಯೋಚನೆ. ಬರ್ನಬಿಗೆ ತಿಂಗಳಿಗೆ ಬರುವ ಟ್ಯಾಂಕರ್‌ಗಳು ಐದರಿಂದ ಮೂವತ್ತನಾಲ್ಕರವರೆಗೆ ಹೆಚ್ಚುವ ಲೆಕ್ಕವಿತ್ತು. ಅಮೆರಿಕದ ಕಿಂಡರ್ ಮಾರ್ಗನ್ ಕಂಪನಿ 2013ರಲ್ಲಿ ಅರ್ಜಿ ಹಾಕಿತು.

ಪರವಾಗಿದ್ದವರು ಮತ್ತೆ ಮತ್ತೆ ಹೇಳಿದ ಮಾತೊಂದಿತ್ತು. ಅರವತ್ತು ವರ್ಷದಿಂದ ಕೊಳವೆ ಇದೆ, ಹಾಕಿದಾಗ ಯಾರೂ ತಕರಾರು ಮಾಡಲಿಲ್ಲ, ಈಗೇಕೆ? ಕೇಳಲು ಸರಿ ಎನಿಸುತ್ತದೆ. ಆದರೆ ಆ ಕಾಲ ಎಂಥದು ನೋಡಿ. ಮೂಲನಿವಾಸಿಗಳು ತಮ್ಮ ಭೂಮಿಯ ಹಕ್ಕಿಗಾಗಿ ಹಣ ಕೂಡಿಸಿ ವಕೀಲರನ್ನು ಇಟ್ಟುಕೊಳ್ಳುವುದನ್ನು ಕೆನಡಾದ ಕಾನೂನು 1927ರಿಂದ 1951ರವರೆಗೆ ಅಪರಾಧವೆಂದೇ ಎಣಿಸುತ್ತಿತ್ತು. ಅವರಲ್ಲಿ ಹೆಚ್ಚಿನವರಿಗೆ ದೇಶದ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಬಂದದ್ದು 1960ರಲ್ಲಿ. ಕೊಳವೆ ಹೂತದ್ದು 1951 ಮತ್ತು 1960ರ ನಡುವೆ. ಬಾಯಿ ಕಟ್ಟಿಸಿಕೊಂಡವರ ಮೌನವನ್ನು ಸಮ್ಮತಿಯೆಂದು ಲೆಕ್ಕಕ್ಕೆ ಹಿಡಿದಿದ್ದರು.

ಬರ್ನಬಿಯ ಎದುರು ದಡದಲ್ಲಿ ಸ್ಲೇವಾಟೂತ್ ಎಂಬ ಸಮುದಾಯದ ಊರಿದೆ. ಬರಾರ್ಡ್ ಕೊಲ್ಲಿ ಅವರ ಅನ್ನದ ನೆಲೆ. ಕಡಲು ಇಳಿದಾಗ ಊಟಕ್ಕೆ ಎಲೆ ಹಾಕಿದ ಹಾಗೆ ಎಂಬುದು ಅವರ ಹಿರಿಯರ ಮಾತು. ಮರಳಿನಲ್ಲಿ ಸಿಗುವ ಮಳಿ, ಚಿಪ್ಪುಮೀನು ಹಿಂದೆ ಅವರ ಊಟವಾಗಿತ್ತು. ಅವರು ಬೀದಿಗಿಳಿದು ಘೋಷಣೆ ಕೂಗುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿದರು. ತಜ್ಞರನ್ನು ಕರೆಸಿ, ತಮ್ಮದೇ ಕಟ್ಟಳೆಗಳ ಆಧಾರದಲ್ಲಿ, ಯೋಜನೆಯ ಪರಿಣಾಮವನ್ನು ತಾವೇ ಅಳೆಸಿದರು. 2015ರಲ್ಲಿ ವರದಿ ಹೊರಬಂತು. ಎಣ್ಣೆ ಚೆಲ್ಲಿದರೆ ಎಷ್ಟು ಹೊತ್ತಿಗೆ ಎಲ್ಲಿಯವರೆಗೆ ಹರಡುತ್ತದೆ ಎಂದು ಅದರಲ್ಲಿ ಲೆಕ್ಕವಿತ್ತು. ಅವರು ಕೇಳಿದ್ದು ಆ ಲೆಕ್ಕಕ್ಕೆ ಜವಾಬು. ಅವರಿಗೆ ಸಿಕ್ಕಿದ್ದು ಉದ್ಯೋಗ ಎಷ್ಟು ಹುಟ್ಟುತ್ತದೆ ಎಂಬ ಜಾಹೀರಾತು.

2014ರಲ್ಲಿ ಬರ್ನಬಿ ಗುಡ್ಡದಲ್ಲಿ ಕಂಪನಿಯ ಸರ್ವೇ ತಂಡವನ್ನು ಜನ ತಡೆದರು. ಕಂಪನಿ ನ್ಯಾಯಾಲಯದ ತಡೆಯಾಜ್ಞೆ ತಂದಿತು, ಪೊಲೀಸರು ನೂರಕ್ಕೂ ಹೆಚ್ಚು ಮಂದಿಯನ್ನು ಹಿಡಿದರು. ಆಮೇಲೆ ನೋಡಿದರೆ ತಡೆಯಾಜ್ಞೆಗೆ ಕಂಪನಿ ಕೊಟ್ಟಿದ್ದ ಜಾಗದ ಅಳತೆಯೇ ತಪ್ಪು! ನ್ಯಾಯಾಧೀಶರು ಪ್ರಕರಣಗಳನ್ನು ಕೈಬಿಟ್ಟರು. ಸಾವಿರ ಕಿಲೋಮೀಟರ್ ಕೊಳವೆಯನ್ನು ಜತನವಾಗಿ ಹಾಕುತ್ತೇವೆ ಎಂದವರಿಗೆ ಒಂದು ಗುಡ್ಡದ ಗುರುತು ಸರಿಯಾಗಿ ಕೊಡಲು ಆಗಲಿಲ್ಲವಲ್ಲ ಎಂದು ಬರ್ನಬಿಯವರು ನಕ್ಕಿದ್ದರೆ ಆಶ್ಚರ್ಯವಿಲ್ಲ.

ಇಷ್ಟು ಕೊಳವೆಯ ತುದಿಯಲ್ಲಿದ್ದವರ ಮಾತು. ಎಣ್ಣೆಯ ಊರಿನಲ್ಲಿ ಏನು ನಡೆಯಿತು?

2015ರಲ್ಲಿ ಆಲ್ಬರ್ಟಾದಲ್ಲಿ ರೇಚಲ್ ನಾಟ್ಲಿ ಅಧಿಕಾರಕ್ಕೆ ಬಂದರು. ಅವರ ಯೋಚನೆ ಬೇರೆ ಥರದ್ದು. ಮೊದಲು ನಮ್ಮ ನಡತೆ ತೋರಿಸೋಣ, ಆಮೇಲೆ ಬೆಂಬಲ ಕೇಳೋಣ ಎಂದರು. ಇಂಗಾಲದ ಮೇಲೆ ತೆರಿಗೆ ಹಾಕಿದರು. ಮರಳೆಣ್ಣೆ ಉದ್ಯಮದ ಹೊಗೆಗೆ ವರ್ಷಕ್ಕೆ 10 ಕೋಟಿ ಟನ್ ಎಂಬ ಮಿತಿ ಗೊತ್ತುಮಾಡಿದರು. 2016ರ ನವೆಂಬರ್‌ನಲ್ಲಿ ಪ್ರಧಾನಿ ಜಸ್ಟಿನ್ ಟ್ರೂಡೊ ಟ್ರಾನ್ಸ್ ಮೌಂಟನ್‌ಗೆ ಮಂಜೂರಾತಿ ಕೊಟ್ಟಾಗ ಇದನ್ನೇ ಕಾರಣವಾಗಿ ಹೇಳಿದರು. ನನ್ನನ್ನು ಕೇಳಿದರೆ, ಇಡೀ ಪ್ರಕರಣದಲ್ಲಿ ಬೆಂಬಲವನ್ನು ದುಡಿದು ಗಳಿಸಲು ನೋಡಿದ ಕೆಲವೇ ಯತ್ನಗಳಲ್ಲಿ ಇದೊಂದು. ಆದರೆ ಆ ದುಡಿಮೆಯನ್ನು ಮೆಚ್ಚಿದವರು ರಾಜಧಾನಿಯವರು. ಬರ್ನಬಿಯವರ ಚಿಂತೆ ಹೊಗೆಯದು ಮಾತ್ರ ಆಗಿರಲಿಲ್ಲ. ಅವರದು ನೀರಿನ ಚಿಂತೆ.

2017ರಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ನಾಟ್ಲಿಯವರ ಪಕ್ಷದವರೇ ಆದ ಜಾನ್ ಹೋರ್ಗನ್ ಪ್ರಾಂತದ ಪ್ರಧಾನಿಯಾದರು, ಕೊಳವೆಯ ವಿರುದ್ಧ ನಿಂತರು. ಸಿಟ್ಟಿಗೆದ್ದ ನಾಟ್ಲಿ ಆ ಪ್ರಾಂತದ ದ್ರಾಕ್ಷಾರಸವನ್ನು ತರಿಸುವುದೇ ಬೇಡ ಎಂದು ನಿಲ್ಲಿಸಿದರು. ಎರಡು ವಾರ ನಡೆಯಿತು ವೈನ್ ಯುದ್ಧ. ದೇಶದಾದ್ಯಂತ ಜಾಹೀರಾತು ಹಾಕಿಸಿದರು. ಕೊಳವೆ ಇಲ್ಲದೆ ದೇಶಕ್ಕೆ ಕ್ಷಣಕ್ಷಣಕ್ಕೂ ಎಷ್ಟು ನಷ್ಟ ಎಂದು ಏರುತ್ತಲೇ ಹೋಗುವ ಅಂಕಿಗಳ ಫಲಕವನ್ನು ರಾಜಧಾನಿ ಒಟ್ಟಾವಾದಲ್ಲಿ ನಿಲ್ಲಿಸಿದರು. ಪರಿಣಾಮವೂ ಆಯಿತೆನ್ನಿ. ಆಗಿನ ಹಲವು ಸಮೀಕ್ಷೆಗಳಲ್ಲಿ ದೇಶದ ಅರ್ಧಕ್ಕಿಂತ ಹೆಚ್ಚು ಜನ ಕೊಳವೆ ಬೇಕು ಎಂದರು.

ಕೇಳುಗರೇ, ಒಂದು ಕ್ಷಣ ಇಲ್ಲಿ ನಿಲ್ಲೋಣ. ದೇಶದಲ್ಲಿ ಬಹುಮತ ಸಿಕ್ಕಿತು. ಕೆಲಸ ಮುಂದುವರಿಯಬೇಕಿತ್ತು. ಮುಂದುವರಿಯಲಿಲ್ಲ. ಏಕೆಂದರೆ ಲಾಭ ಸಿಗುವುದು ಇಡೀ ದೇಶಕ್ಕೆ, ತೆಳ್ಳಗೆ ಹರಡಿಕೊಂಡು. ಅಪಾಯ ಬರುವುದು ಕೆಲವೇ ಊರುಗಳಿಗೆ, ಒತ್ತಟ್ಟಿಗೆ. ಟೊರಾಂಟೊದಲ್ಲಿ ಕೂತವನು ಸಮೀಕ್ಷೆಯಲ್ಲಿ ಸೈ ಎಂದರೆ ಅವನ ಬಾವಿಗೆ ಏನೂ ಆಗುವುದಿಲ್ಲ. ಕೋಲ್ಡ್‌ವಾಟರ್ ಎಂಬ ಸಮುದಾಯದಲ್ಲಿ ಹೆಚ್ಚಿನವರು ಕುಡಿಯುವುದು ಒಂದೇ ಅಂತರ್ಜಲದಿಂದ, ಆಗಿನ ಯೋಜನೆಯಲ್ಲಿ ಕೊಳವೆ ಹೋಗಬೇಕಿದ್ದದ್ದು ಅದರ ಮೇಲೆಯೇ. ಅಲ್ಲಿನವರು ಬೇಡ ಎಂದರೆ ಆ ಬೇಡಕ್ಕೆ ತೂಕ ಬೇರೆ. ಜಾಹೀರಾತು ದೇಶದಾದ್ಯಂತ ಹೋಯಿತು. ಒಪ್ಪಿಗೆ ಬೇಕಾಗಿದ್ದದ್ದು ಕೋಲ್ಡ್‌ವಾಟರಿನಲ್ಲಿ. ಪರವಾನಗಿ ಸರ್ಕಾರದ್ದು, ಅನುಮತಿ ಮಾತ್ರ ಆಯಾ ಊರಿನದು ಎಂದು ಹಿಂದೆ ಸ್ವತಃ ಟ್ರೂಡೊ ಹೇಳಿದ್ದರು. ಮಂಜೂರಾತಿ ಕೊಟ್ಟ ಮೇಲೆ ಆ ಮಾತನ್ನು ಅವರಿಗೆ ನೆನಪಿಸಿದವರು ಬಹಳ ಮಂದಿ.

2018ರ ಏಪ್ರಿಲ್‌ನಲ್ಲಿ ಕಿಂಡರ್ ಮಾರ್ಗನ್‌ಗೆ ಸಾಕಾಯಿತು. ಮೇ ಕೊನೆಯೊಳಗೆ ದಾರಿ ಸರಿಮಾಡಿಕೊಡಿ, ಇಲ್ಲವಾದರೆ ಬಿಡುತ್ತೇವೆ ಎಂದಿತು. ಸರ್ಕಾರವೇ 450 ಕೋಟಿ ಕೆನಡಾ ಡಾಲರಿಗೆ ಕೊಳವೆಯನ್ನು ಕೊಳ್ಳುವುದಾಗಿ ಹೇಳಿತು. ಮೂರು ತಿಂಗಳಾಗುವಷ್ಟರಲ್ಲಿ, ಆಗಸ್ಟ್ 30ರಂದು, ಕಂಪನಿಯ ಷೇರುದಾರರು ಮಾರಾಟಕ್ಕೆ ಒಪ್ಪಿದರು. ಅದೇ ದಿನ ಬೆಳಿಗ್ಗೆ ಮೇಲ್ಮನವಿ ನ್ಯಾಯಾಲಯ ಮಂಜೂರಾತಿಯನ್ನು ರದ್ದುಮಾಡಿತು. ಕಾರಣ ಎರಡು. ಟ್ಯಾಂಕರ್ ಹಡಗುಗಳಿಂದ ಕಡಲಿಗೆ ಆಗುವ ಪರಿಣಾಮವನ್ನು ಪರಿಶೀಲನೆಯಲ್ಲಿ ಸೇರಿಸಿರಲಿಲ್ಲ. ಮೂಲನಿವಾಸಿಗಳ ಹತ್ತಿರ ಹೋದ ಅಧಿಕಾರಿಗಳು ಹೇಳಿದ್ದನ್ನು ಬರೆದುಕೊಂಡು ಬಂದರೇ ಹೊರತು ಜವಾಬು ಕೊಡಲಿಲ್ಲ.

ಈ ಎರಡನೆಯ ಕಾರಣ ಎಲ್ಲ ದೇಶದ ಅಹವಾಲು ಸಭೆಗಳನ್ನೂ ಬಲ್ಲವರಿಗೆ ಪರಿಚಿತ. ಮೇಜಿನ ಮೇಲೆ ನೀರಿನ ಬಾಟಲಿ, ಎದುರಿಗೆ ಮೈಕು, ಮೂಲೆಯಲ್ಲಿ ಬರೆದುಕೊಳ್ಳುವ ಗುಮಾಸ್ತ. ಬರೆದದ್ದು ಎಲ್ಲಿ ಹೋಯಿತು ಎಂದು ಮಾತ್ರ ತಿಳಿಯದು. ಬರೆದುಕೊಂಡದ್ದು ಸಾಲದು, ಉತ್ತರವನ್ನೂ ಕೊಡಬೇಕು ಎಂದು ಅಲ್ಲಿನ ನ್ಯಾಯಾಲಯ ಕಟ್ಟುನಿಟ್ಟಾಗಿ ಹೇಳಿತು.

ಆಮೇಲೆ ನಡೆದದ್ದು ಜಾಹೀರಾತಿನಷ್ಟು ಸದ್ದಿನದಲ್ಲ. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಫ್ರಾಂಕ್ ಯಾಕೊಬುಚಿ ಅವರ ಉಸ್ತುವಾರಿಯಲ್ಲಿ ಸಮಾಲೋಚನೆ ಮತ್ತೆ ಶುರುವಾಯಿತು. ನೂರಕ್ಕೂ ಹೆಚ್ಚು ಸಮುದಾಯಗಳ ಜೊತೆ ಮಾತುಕತೆ. ಕಡಲನ್ನು ಸೇರಿಸಿ ಮರುಪರಿಶೀಲನೆ. ಆ ತೀರದ ಒಂದು ಓರ್ಕಾ ಬಳಗದಲ್ಲಿ ಆಗ ಉಳಿದಿದ್ದ ಸುಮಾರು 75 ತಿಮಿಂಗಿಲಗಳಿಗೆ ತೊಂದರೆಯಾಗುತ್ತದೆ ಎಂದು ಇಂಧನ ಮಂಡಳಿ ಈ ಸಲ ಮುಚ್ಚುಮರೆಯಿಲ್ಲದೆ ಬರೆಯಿತು. ಹಾಗೆ ಬರೆದೂ ಯೋಜನೆ ಆಗಲಿ ಎಂದಿತು, 150ಕ್ಕೂ ಹೆಚ್ಚು ಷರತ್ತು ಹಾಕಿ. ಹಲವು ಸಮುದಾಯಗಳು ಒಪ್ಪಂದಕ್ಕೆ ಸಹಿ ಹಾಕಿದವು. ವಿಸ್ಪರಿಂಗ್ ಪೈನ್ಸ್‌ನಂಥ ಕೆಲವರು ಇನ್ನೂ ಮುಂದೆ ಹೋಗಿ, ಕೊಳವೆಯಲ್ಲಿ ನಮಗೆ ಪಾಲು ಕೊಡಿ, ಒಡೆಯರಾಗಿ ನಾವೇ ಕಾವಲು ಕಾಯುತ್ತೇವೆ ಎಂದರು. ಸ್ಲೇವಾಟೂತ್ ಜನ ಕೊನೆಯವರೆಗೂ ಒಪ್ಪಲಿಲ್ಲ. 2020ರಲ್ಲಿ ನ್ಯಾಯಾಲಯ ಹೊಸ ಮಂಜೂರಾತಿಯನ್ನು ಎತ್ತಿಹಿಡಿಯಿತು. ಸಮಾಲೋಚನೆ ಎಂದರೆ ನಿರಾಕರಿಸುವ ಅಧಿಕಾರವಲ್ಲ ಎಂದೂ ಹೇಳಿತು. ಸ್ಲೇವಾಟೂತ್‌ನವರಿಗೆ ಇದು ಕಹಿ. ಅದನ್ನು ಮರೆಮಾಡಬೇಕಾಗಿಲ್ಲ.

2024ರ ಮೇ 1ರಂದು ಹೊಸ ಕೊಳವೆ ಕೆಲಸ ಶುರುಮಾಡಿತು. ಅದಕ್ಕೆ ಹತ್ತು ವರ್ಷ ಮೊದಲು ಹೇಳಿದ್ದ ಖರ್ಚು 540 ಕೋಟಿ ಡಾಲರ್. ಆದದ್ದು 3,400 ಕೋಟಿ. ಪ್ರವಾಹ, ಬೆಟ್ಟ, ಬೆಲೆಯೇರಿಕೆ, ತಡ, ಎಲ್ಲದರ ಪಾಲೂ ಇದೆ. ಎಣ್ಣೆಯ ದರದ ಅಂತರ ಕಡಿಮೆಯಾಯಿತು, ಚೀನಾ ದೊಡ್ಡ ಗಿರಾಕಿಯಾಯಿತು. ಪರವಾಗಿದ್ದವರ ಲೆಕ್ಕ ಆ ಮಟ್ಟಿಗೆ ನಿಜವಾಯಿತು.

ನಡುವೆ ಒಂದು ತಮಾಷೆ. ನಾಟ್ಲಿಯವರ ನಂತರ ಬಂದ ಜೇಸನ್ ಕೆನಿ, ಎಣ್ಣೆಯ ವಿರುದ್ಧದ ಸುಳ್ಳುಗಳಿಗೆ ಉತ್ತರ ಕೊಡಲು 2019ರಲ್ಲಿ ಒಂದು ಕೇಂದ್ರ ತೆರೆದರು. ಅದಕ್ಕೆ ವಾರ್ ರೂಮ್ ಎಂದೇ ಹೆಸರು ಬಿತ್ತು. ವರ್ಷಕ್ಕೆ 3 ಕೋಟಿ ಡಾಲರ್ ಬಜೆಟ್ಟು. ಶುರುವಾದ ಕೆಲವೇ ದಿನಗಳಲ್ಲಿ ಅದರ ಲಾಂಛನ ಒಂದು ಅಮೆರಿಕನ್ ಸಾಫ್ಟ್‌ವೇರ್ ಕಂಪನಿಯ ಲಾಂಛನದಂತೆಯೇ ಇದೆ ಎಂದು ಗೊತ್ತಾಗಿ ಬದಲಿಸಿದರು. 2021ರಲ್ಲಿ ಅದು ಮಕ್ಕಳ ಕಾರ್ಟೂನ್ ಸಿನಿಮಾ ಒಂದರ ಮೇಲೆ ಅಭಿಯಾನ ಹೂಡಿತು, ಅದರಲ್ಲಿ ಎಣ್ಣೆ ಕಂಪನಿ ಖಳನ ಪಾತ್ರದಲ್ಲಿದೆ ಎಂದು. ಅಲ್ಲಿಯವರೆಗೆ ಆ ಸಿನಿಮಾದ ಹೆಸರು ಕೇಳದವರೂ ಆಮೇಲೆ ನೋಡಿದರು.

ಈಗ ಕೊನೆಯ ಭಾಗ. ಜಾಹೀರಾತು ಮಾಡಲಾಗದ್ದನ್ನು 2025ರಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಮಾಡಿದರು. ಕೆನಡಾದ ಸರಕಿಗೆ ಸುಂಕ ಹಾಕಿ, ನೀವು ನಮ್ಮ 51ನೆಯ ರಾಜ್ಯವಾಗಿ ಎಂದರು. ಒಬ್ಬನೇ ಗಿರಾಕಿಯನ್ನು ನಂಬಿದರೆ ಏನಾಗುತ್ತದೆ ಎಂದು ಕೆನಡಾದವರಿಗೆ ಯಾರೂ ವಿವರಿಸಬೇಕಾಗಲಿಲ್ಲ. ಕೊಳವೆಗಳ ಪರ ಅಭಿಪ್ರಾಯ ಏರಿತು, ಕ್ವಿಬೆಕ್‌ನಲ್ಲಿ ಕೂಡ. ನವೆಂಬರ್ 27ರಂದು ಪ್ರಧಾನಿ ಮಾರ್ಕ್ ಕಾರ್ನಿ ಮತ್ತು ಆಲ್ಬರ್ಟಾದ ಪ್ರಧಾನಿ ಡೇನಿಯಲ್ ಸ್ಮಿತ್ ಒಪ್ಪಂದಕ್ಕೆ ಸಹಿ ಹಾಕಿದರು. ಪಶ್ಚಿಮ ತೀರಕ್ಕೆ ದಿನಕ್ಕೆ 10 ಲಕ್ಷ ಬ್ಯಾರೆಲ್‌ನ ಹೊಸ ಕೊಳವೆ, ಅದರಲ್ಲಿ ಮೂಲನಿವಾಸಿಗಳಿಗೆ ಒಡೆತನದ ಪಾಲು. ಅದೇ ದಿನ ಮಾಜಿ ಪರಿಸರ ಸಚಿವ ಸ್ಟೀವನ್ ಗಿಲ್ಬೋ ಸಂಪುಟ ಬಿಟ್ಟರು. ಸಹಿ ಬಿದ್ದಾಗ ಕೊಳವೆ ಹಾಕುತ್ತೇನೆಂದು ಯಾವ ಖಾಸಗಿ ಕಂಪನಿಯೂ ಮುಂದೆ ಬಂದಿರಲಿಲ್ಲ.

ಕಿಟಿಮ್ಯಾಟ್ ಇರುವ ಉತ್ತರದ ತೀರಕ್ಕೆ ದೊಡ್ಡ ಟ್ಯಾಂಕರ್‌ಗಳು ಬರುವಂತಿಲ್ಲ ಎಂದು 2019ರ ಕಾನೂನಿದೆ. ಅದನ್ನು ಸಡಿಲಿಸುವ ಮಾತು ಒಪ್ಪಂದದಲ್ಲಿದೆ. ತೀರದ ಮೂಲನಿವಾಸಿ ಸಮುದಾಯಗಳು ಒಪ್ಪುವುದಿಲ್ಲ ಎಂದಿವೆ. ಅವರಲ್ಲಿ ಬೆಲ್ಲಾ ಬೆಲ್ಲಾದ ಹೈಲ್ಟ್ಸುಕ್ ಜನರೂ ಇದ್ದಾರೆ. 2016ರ ಅಕ್ಟೋಬರ್‌ನಲ್ಲಿ ಅವರ ಊರಿನ ಹತ್ತಿರ ಟಗ್ ಹಡಗೊಂದು ಬಂಡೆಗೆ ಬಡಿದಿತ್ತು, ಕಾವಲಿನ ಅಧಿಕಾರಿ ನಿದ್ದೆಹೋಗಿದ್ದ. ಲಕ್ಷಕ್ಕೂ ಹೆಚ್ಚು ಲೀಟರ್ ಡೀಸೆಲ್ ಚೆಲ್ಲಿ, ಅವರು ಚಿಪ್ಪುಮೀನು ಆರಿಸುವ ದಡ ಮುಚ್ಚಿಹೋಯಿತು. ಅದು ಒಂದು ಟಗ್ಗು. ಹೊಸ ಕೊಳವೆ ಆ ತೀರಕ್ಕೆ ಬಂದರೆ ಅಲ್ಲಿಗೆ ಬರುವುದು ಟ್ಯಾಂಕರ್‌ಗಳು. ಎಣ್ಣೆ ಚೆಲ್ಲಿದ ದಿನ ಎಷ್ಟು ಗಂಟೆಯೊಳಗೆ, ಯಾವ ಊರಿನಿಂದ, ಎಷ್ಟು ದೋಣಿ ಬರುತ್ತವೆ ಎಂದು ಬೆಲ್ಲಾ ಬೆಲ್ಲಾದವರು ಕೇಳಿದರೆ ಹೇಳುವುದಕ್ಕೆ ಒಟ್ಟಾವಾ, ಆಲ್ಬರ್ಟಾ ಎರಡೂ ಕಡೆಯವರು ಇನ್ನೂ ಸಿದ್ಧರಾಗಬೇಕಾಗಿದೆ.